ಬಾಕ್ಸಿಂಗ್ ಗ್ಲೌಸು ತೊಟ್ಟ ತೆನಿಂಬಾ

ಸ್ವಾತಂತ್ರ್ಯ ಬಂದ ಹೊಸತು. ಸೆಗು ಊರಿನ ಸಂತೆಯಲ್ಲಿ ಒಣಮೀನು ಮಾರುವ ಮುದುಕಿ ತೆನಿಂಬಾಳಿಗೆ ಜ್ವರ ಬಂದು, ಇನ್ನೇನು ಹೋದಳು ಅನ್ನುವಂತಾಗಿ, ಮತ್ತೆ ಎದ್ದು ಕೂತಿದ್ದಳು. ಎದ್ದವಳಿಗೆ ಬಿಳಿ ಬಟ್ಟೆ ಉಡಿಸಿ, ಹಿರಿಮಗ ಜುಮಾನಾ ನೇರವಾಗಿ ಬ್ರೆಹಿಮಾನ ಫೋಟೋ ಸ್ಟುಡಿಯೋಗೆ ಕರೆತಂದ.

"ಗಂಭೀರವಾಗಿ ಬರ್ಬೇಕು ಬ್ರೆಹಿಮಾ. ನಾಳೆ ಗೋಡೆಗೆ ಹಾಕೋಕೆ," ಎಂದು ದನಿ ತಗ್ಗಿಸಿ ಹೇಳಿದ.

ತೆನಿಂಬಾಳ ಕಣ್ಣು ಮಂಜಾಗಿತ್ತೇ ಹೊರತು ಕಿವಿ ಚುರುಕಾಗಿಯೇ ಇತ್ತು. "ಯಾವ ನಾಳೆಗೋ? ನನ್ನ ಮಣ್ಣು ಮಾಡಿದ ನಾಳೆಗಾ?"

"ಹಾಗಲ್ಲ ಅವ್ವಾ. ಎಲ್ಲರ ಮನೇಲೂ ಹಿರಿಯರದ್ದೊಂದು ಇರುತ್ತಲ್ಲ... ಕೈ ಮಂಡಿ ಮೇಲಿಡು. ಬಾಯಿ ಮುಚ್ಕೋ, ಹಲ್ಲು ಹೋಗಿರೋದು ಕಾಣುತ್ತೆ."

ಆ ಹಲ್ಲು ಹೋದದ್ದು ಸಂತೆಯಲ್ಲಿ, ತನ್ನ ಬುಟ್ಟಿ ಒದ್ದ ಸುಂಕದವನ ಮೇಲೆ ಅವಳು ಬಿದ್ದ ದಿನ. ಅವನದು ಎರಡು ಉದುರಿದ್ದವು.

ಅವಳು ಬಾಯಿ ಮುಚ್ಚಿ ಕೂತಳು. ಕ್ಯಾಮೆರಾದ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ ಬ್ರೆಹಿಮಾ ಹಾಗೇ ಹೊರಗೆ ಬಂದ. "ಇದು ನೀವಲ್ಲ ತಾಯಿ. ಸಂತೇಲಿ ಒಂದು ಮೀನಿನ ಚೌಕಾಸಿಗೆ ನನ್ನ ಮಾನ ಹರಾಜು ಹಾಕೋ ಹೆಂಗಸು ಎಲ್ಲಿ?"

ಊರಿನ ಪಡ್ಡೆ ಹುಡುಗರು ಫೋಟೋಗೆಂದು ಹಾಕಿಕೊಳ್ಳುವ ಕಪ್ಪು ಕನ್ನಡಕ, ಟೋಪಿ, ಬಾಕ್ಸಿಂಗ್ ಗ್ಲೌಸು ಮೂಲೆಯಲ್ಲಿ ನೇತಾಡುತ್ತಿದ್ದವು. ತೆನಿಂಬಾ ಎದ್ದು ಹೋಗಿ ಗ್ಲೌಸು ಕಿತ್ತುಕೊಂಡಳು.

"ಅವ್ವಾ, ಅದು ಹುಡುಗರದ್ದು!"

"ಹುಡುಗರು ಯಾರಿಗೆ ಹೊಡ್ದಿದಾರೆ? ದಾರ ಬಿಗಿಯೋ ಬ್ರೆಹಿಮಾ."

"ಜನ ನಗ್ತಾರೆ!"

"ನಗ್ಲಿ. ನಾನೂ ನಗ್ತೀನಿ."

ಬಿಳಿ ಬಟ್ಟೆಯ ಮೇಲೆ ಎರಡು ಕೆಂಪು ಮುಷ್ಟಿ ಎತ್ತಿ, ಬೋಡು ಸಂದು ಕಾಣುವಂತೆ ಅವಳು ಬಾಯ್ತುಂಬ ನಕ್ಕಳು. ಬ್ರೆಹಿಮಾ ಕುಣಿದುಬಿಟ್ಟ. "ಗದ್ದ ಮೇಲೆತ್ತಿ! ಸುಂಕದವನು ಇಲ್ಲೇ ನಿಂತಿದಾನೆ, ನೋಡಿ!"

ಫೋಟೋ ಆಯಿತು. ಮರ್ಯಾದೆಯಾಗಿ ಇನ್ನೊಂದು ತೆಗೆಸು ಎಂದು ಜುಮಾನಾ ಎಷ್ಟು ಗೋಗರೆದರೂ ಅವಳು ಕೇಳಲಿಲ್ಲ. "ಇರೋಳು ನಾನೊಬ್ಬಳೇ. ಒಂದೇ ಸಾಕು."

ಮುಂದೆ ತೆನಿಂಬಾಳ ಮೊಮ್ಮಗಳಿಗೆ ಹೆಸರಿಡುವ ದಿನ ಇಮಾಮರು ಬರುತ್ತಾರೆಂದು ಜುಮಾನಾ, ಮನೆಯಲ್ಲಿ ತೂಗುಹಾಕಿದ್ದ ಆ ಪಟವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದ. ಅವಳು ಸರಿಮಾಡಿದಳು. ಅವನು ಮತ್ತೆ ತಿರುಗಿಸಿದ. ಇಮಾಮರು ಬಂದು, ನೆಂಟರೆಲ್ಲ ಚಾಪೆಯ ಮೇಲೆ ಕೂತಾಗ, ತೆನಿಂಬಾ ಎಲ್ಲರ ಮುಂದೆಯೇ ಸ್ಟೂಲು ಎಳೆದು ಹತ್ತಿದಳು.

"ನಾನು ಬದುಕಿರೋವಾಗ ಗೋಡೆ ನೋಡ್ಕೊಂಡು ಕೂರೋಳಲ್ಲ ಕಣೋ!"

ಪಟ ತಿರುಗಿತು. ಇಮಾಮರು ಕತ್ತೆತ್ತಿ ಬಹಳ ಹೊತ್ತು ನೋಡಿದರು. ಅವರ ಗಡ್ಡ ಅಲುಗತೊಡಗಿತು, ನಗುವನ್ನು ತಡೆಯಲಾಗಲಿಲ್ಲ. ಹೆಂಗಸರಂತೂ ಕೇಕೆಯನ್ನೇ ಹಾಕಿದರು. ಸ್ಟೂಲು ಅಲ್ಲಾಡುತ್ತಿದ್ದುದನ್ನು ಕಂಡ ಜುಮಾನಾ ಮುಖ ಗಂಟಿಕ್ಕಿಕೊಂಡೇ ಬಂದು, ಬಗ್ಗಿ ಅದನ್ನು ಬಿಗಿಯಾಗಿ ಹಿಡಿದುಕೊಂಡ.