ನಾಲ್ಕನೇ ವರ್ಷಕ್ಕೆ ತಳ್ಳಿದ ಪಾಠ

ನಮ್ಮ ಫ್ರಿಜ್ಜಿನ ಬಾಗಿಲಿನ ಮೇಲೆ ನನ್ನ ಮುಂದಿನ ಐದು ವರ್ಷಗಳು ಅಂಟಿಕೊಂಡಿದ್ದವು. ಗಣಿತಕ್ಕೆ ಹಳದಿ ಚೀಟಿ, ದತ್ತಾಂಶಕ್ಕೆ ನೀಲಿ, ಪ್ರೋಗ್ರಾಮಿಂಗಿಗೆ ಹಸಿರು. ಬಾಗಿಲನ್ನು ಸ್ವಲ್ಪ ಜೋರಾಗಿ ಹಾಕಿದರೆ ಎರಡನೇ ವರ್ಷ ಕಳಚಿ ನೆಲಕ್ಕೆ ಬೀಳುತ್ತಿತ್ತು.

"ತಗೋ, ಇವತ್ತೂ ಫೇಲು," ಎಂದು ಅತ್ತೆ ಅದನ್ನು ಎತ್ತಿ ಕೊಡುತ್ತಿದ್ದರು.

ಅತ್ತೆ ನನ್ನನ್ನು ಕರೆಯುವುದು ಭೂತಗನ್ನಡಿ ಎಂದು. ನನ್ನ ಕೆಲಸವೇ ಅದು. ಔಷಧದ ಡಬ್ಬಿಯೊಳಗೆ ಮಡಚಿಟ್ಟ ತೆಳು ಕಾಗದ ಇರುತ್ತದಲ್ಲ, ಯಾರೂ ಓದದೆ ಎಸೆಯುವಂಥದ್ದು, ಅದನ್ನು ಮುದ್ರಿಸುವ ಛಾಪಖಾನೆಯಲ್ಲಿ ನಾನು ಕರಡು ತಿದ್ದುತ್ತೇನೆ. ನಾನು ಸಹಿ ಹಾಕಿದ ಮೇಲೆ ಯಂತ್ರ ತಿರುಗುತ್ತದೆ, ಲಕ್ಷಗಟ್ಟಲೆ ಪ್ರತಿಗಳು ಹೊರಬೀಳುತ್ತವೆ. ತಪ್ಪು ಉಳಿದ ಹಾಳೆಯನ್ನು, ಅದನ್ನು ದಾಟಿಸಿದವರ ಹೆಸರಿನ ಸಮೇತ, ಬಾಗಿಲ ಪಕ್ಕದ ಹಲಗೆಗೆ ಒಂದು ತಿಂಗಳು ತೂಗುಹಾಕುವುದು ನಮ್ಮಲ್ಲಿ ಮೊದಲಿನಿಂದಲೂ ನಡೆದುಬಂದದ್ದು. ನನ್ನ ಹೆಸರು ಅಲ್ಲಿ ಒಮ್ಮೆಯೂ ಬಂದಿಲ್ಲ. ಹಾಗಾಗಿ ಪ್ರತಿ ಬೆಳಿಗ್ಗೆ ಚಪ್ಪಲಿ ಬಿಡುವ ಮೊದಲು ನಾನು ನೋಡುವುದು ಆ ಹಲಗೆಯನ್ನೇ.

ಕಳೆದ ವರ್ಷ ಇಬ್ಬರು ಎಂಜಿನಿಯರುಗಳು ಬಂದು ನನ್ನ ಪಕ್ಕ ಕುಳಿತರು. ಕರಡು ನೋಡುವ ಸಾಫ್ಟ್‌ವೇರ್ ಮಾಡಬೇಕಿತ್ತಂತೆ. ನಾನು ಏನನ್ನು ಮೊದಲು ನೋಡುತ್ತೇನೆ, ಎಲ್ಲಿ ಅನುಮಾನ ಪಡುತ್ತೇನೆ ಎಂದು ಕೇಳಿದರು. ನಾನು ಹೇಳುತ್ತ ಹೋದೆ, ಅವರು ಬರೆಯುತ್ತ ಹೋದರು. ಮುಂದಿನ ವಾರ ಪರದೆಯ ಮೇಲೆ ನನ್ನ ಅನುಮಾನಗಳೇ ಒಂದರ ಹಿಂದೊಂದು ಓಡಾಡುವುದನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು. ಅದನ್ನು ನಾನೇ ಬರೆಯಬೇಕೆನಿಸಿತು. ಆ ಆಸೆ ಮತ್ತೆ ಬಿಡಲಿಲ್ಲ.

ದುಡಿಯುವವರಿಗಾಗಿ ವಿಶ್ವವಿದ್ಯಾಲಯ ನಡೆಸುವ ಸಾಫ್ಟ್‌ವೇರ್ ಪದವಿಗೆ ಅರ್ಜಿ ಹಾಕಿದೆ. ಯಾವ ವರ್ಷ ಯಾವ ವಿಷಯ ಎಂಬ ಯೋಜನೆಯನ್ನು ನಾವೇ ಮಾಡಿ ಮಾರ್ಗದರ್ಶಕರಿಂದ ಒಪ್ಪಿಗೆ ಪಡೆದರೆ ಸೀಟು ಖಾತ್ರಿ.

"ಒಂದು ಡಿಗ್ರಿ ಇಟ್ಕೊಂಡೇ ನನ್ನಲ್ಲಿ ಇಷ್ಟು ತಪ್ಪು ಹುಡುಕ್ತೀಯ," ಎಂದರು ಸಿಟಿ ಬಸ್ ಓಡಿಸುವ ನನ್ನ ಗಂಡ. "ಎರಡಾದ್ರೆ ನಾನು ಬಸ್ಸಲ್ಲೇ ಮಲಗಬೇಕಾಗತ್ತೆ."

"ಮಲಗು. ಗೊರಕೆ ಕಾಟ ತಪ್ಪತ್ತೆ," ಎಂದರು ಅತ್ತೆ.

ಯೋಜನೆ ಮಾಡಲು ನನಗೆ ಎರಡು ತಿಂಗಳು ಹಿಡಿಯಿತು. ಗಣಿತ, ತರ್ಕ, ಗಣಕದ ಇತಿಹಾಸ, ವರದಿ ಬರೆಯುವ ಕಲೆ ಎಲ್ಲ ಮೊದಲು. ಹಸಿರು ಚೀಟಿ ನಾಲ್ಕನೇ ವರ್ಷಕ್ಕೆ. ಕಾರಣ ಕೇಳಿದವರಿಗೆ ಹೇಳಲು ಉತ್ತರ ಸಿದ್ಧವಿತ್ತು. ಬೇರೆ ಪಾಠಗಳು ಭಾನುವಾರ. ಪ್ರೋಗ್ರಾಮಿಂಗ್ ಮಾತ್ರ ವಾರದ ಸಂಜೆಗಳಲ್ಲಿ. ಅತ್ತೆಯ ಕಣ್ಣಿನ ಒತ್ತಡಕ್ಕೆ ಸಂಜೆ ಹೊತ್ತಿಗೆ ಸರಿಯಾಗಿ ಹನಿ ಹಾಕಬೇಕು. ಅಷ್ಟು ದೊಡ್ಡ ಬಸ್ಸು ತಿರುಗಿಸುವ ನನ್ನ ಗಂಡನ ಕೈ ತಾಯಿಯ ಕಣ್ಣಿನ ಹತ್ತಿರ ಬಂದರೆ ನಡುಗುತ್ತದೆ. ಹನಿ ಹಾಕುವವಳು ನಾನೇ.

ಮಾರ್ಗದರ್ಶಕಿ ನನಗಿಂತ ಚಿಕ್ಕವರು. ಕೋಣೆಯ ತುಂಬ ವೈರುಗಳು, ಕಿಟಕಿಯ ಕಟ್ಟೆಯ ಮೇಲೆ ಹಿಡಿ ಮುರಿದ ಕಪ್ಪಿನಲ್ಲಿ ಪೆನ್ಸಿಲ್ಲುಗಳು. ನನ್ನ ಹಾಳೆಯನ್ನು ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ ಓದಿದರು.

"ಎಷ್ಟು ನೀಟಾಗಿದೆ! ಇಂಥ ಪ್ಲಾನ್ ನನ್ನ ಸ್ಟೂಡೆಂಟ್ಸ್ ಯಾರೂ ಮಾಡಲ್ಲ. ಆದ್ರೆ ಮೇಡಂ, ಮೂರು ವರ್ಷ ನೀವು ಒಂದು ಸಾಲು ಕೋಡೂ ಬರೆಯೋದಿಲ್ವಲ್ಲ?"

"ಅಷ್ಟರಲ್ಲಿ ತಯಾರಾಗಬಹುದು ಅಂತ."

"ಯಾವುದಕ್ಕೆ?"

ಅತ್ತೆಯ ಕಣ್ಣಿನ ವಿಷಯ ಹೇಳಿದೆ. ಅವರು ಗಮನವಿಟ್ಟು ಕೇಳಿದರು. "ನಾಲ್ಕನೇ ವರ್ಷದಲ್ಲಿ ಅವರಿಗೆ ಹನಿ ಬೇಡ್ವಾ?" ಎಂದರು.

ಇಷ್ಟು ದೊಡ್ಡ ತಪ್ಪು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

"ಇದನ್ನ ನಾನು ಒಪ್ಪೋಕಾಗಲ್ಲ. ಎರಡನೇ ವರ್ಷದ ಅರ್ಧ ಪಾಠಗಳು ಪ್ರೋಗ್ರಾಮಿಂಗ್ ಮೇಲೇ ನಿಂತಿವೆ. ಸೀಟು ಪಕ್ಕಾ ಮಾಡೋಕೆ ಇವತ್ತು ಸಂಜೆವರೆಗೆ ಮಾತ್ರ ಟೈಮಿದೆ. ಪಕ್ಕದ ಲ್ಯಾಬ್ ತೆರೆದಿದೆ. ಹೋಗಿ ಒಂದು ಗಂಟೆ ಕೂತು ಬನ್ನಿ. ಆಮೇಲೆ ಬೇಡ ಅಂದ್ರೂ ನಾನೇನೂ ಬೇಜಾರು ಮಾಡ್ಕೊಳ್ಳಲ್ಲ."

ಲ್ಯಾಬಿನಲ್ಲಿ ಕೀಲಿಮಣೆಗಳ ಸದ್ದು ಬಿಟ್ಟರೆ ಮೌನ. ಮೊದಲ ಪಾಠದ ಹಾಳೆ ಮೇಜಿನ ಮೇಲಿತ್ತು: ಒಂದು ಪದ ಒಂದು ವಾಕ್ಯದಲ್ಲಿ ಎಷ್ಟು ಸಲ ಬಂದಿದೆ ಎಂದು ಎಣಿಸುವ ಪುಟ್ಟ ಪ್ರೋಗ್ರಾಂ. ಮಾದರಿ ನೋಡಿಕೊಂಡು ಬೆರಳೆಣಿಕೆಯ ಸಾಲುಗಳನ್ನು ಟೈಪ್ ಮಾಡಿದೆ. ಓದಿದೆ. ಮತ್ತೆ ಓದಿದೆ. ಪರದೆಗೆ ಮೂಗು ತಾಗುವಷ್ಟು ಬಗ್ಗಿ ಇನ್ನೊಮ್ಮೆ ಓದಿದೆ.

ಪಕ್ಕದಲ್ಲಿ ಕೂತಿದ್ದ ಗುಂಗುರು ಕೂದಲಿನ ವಿದ್ಯಾರ್ಥಿನಿ ಕಿವಿಯ ಹೆಡ್‌ಫೋನ್ ಸರಿಸಿದಳು. "ಆಂಟಿ, ರನ್ ಒತ್ತಿ."

"ಇನ್ನೊಂದು ಸಲ ನೋಡ್ತೀನಿ."

"ಅದನ್ನೇ ಆಗಿಂದ ನೋಡ್ತಿದ್ದೀರ. ನೋಡಿ ನೋಡಿ ಅದಕ್ಕೇ ನಾಚಿಕೆಯಾಗಿರತ್ತೆ. ಒತ್ತಿ, ಏನೂ ಬೆಂಕಿ ಬೀಳಲ್ಲ."

ಒತ್ತಿದೆ. ಪರದೆಯ ತುಂಬ ಕೆಂಪು ಅಕ್ಷರ.

ಮೊದಲು ಬಾಗಿಲ ಕಡೆ ನೋಡಿದೆ. ಅಲ್ಲಿ ಹಲಗೆ ಇರಲಿಲ್ಲ, ಯಾರದೋ ಮರೆತ ಕೊಡೆ ಇತ್ತು. ಆಮೇಲೆ ಕೆಂಪು ಅಕ್ಷರಗಳನ್ನು ಓದಿದೆ. ನಾಲ್ಕನೇ ಸಾಲಿನಲ್ಲಿ ನಾನು ತೆರೆದ ಆವರಣ ಚಿಹ್ನೆಯನ್ನು ಮುಚ್ಚಿಲ್ಲ ಎಂದಿತ್ತು. ಅಷ್ಟೇ. ಯಾರು, ಏಕೆ, ಎಷ್ಟನೆಯ ಸಲ ಎಂದೇನೂ ಇರಲಿಲ್ಲ.

ಮುಚ್ಚಿದೆ. ಒತ್ತಿದೆ. ಇನ್ನೊಂದು ಕೆಂಪು. ಅದನ್ನೂ ತಿದ್ದಿದೆ. ಮೂರನೆಯ ಸಲ ಪರದೆಯ ಮೇಲೆ ಒಂಟಿಯಾಗಿ ಒಂದು ಅಂಕಿ ಬಂದು ನಿಂತಿತು: 2. ವಾಕ್ಯದಲ್ಲಿ ಬೆರಳಿಟ್ಟು ಎಣಿಸಿದೆ. ಪದ ಎರಡೇ ಸಲ ಇತ್ತು.

ಆಮೇಲೆ ನಾನು ಮಾಡಿದ್ದನ್ನು ಛಾಪಖಾನೆಯವರು ನಂಬಲಿಕ್ಕಿಲ್ಲ. ಸರಿಯಿದ್ದ ಒಂದು ಅಕ್ಷರವನ್ನು ಬೇಕೆಂದೇ ಅಳಿಸಿ, ಏನೆನ್ನುತ್ತದೆ ನೋಡೋಣ ಎಂದು ಒತ್ತಿದೆ. ಅದು ಹೇಳಿತು. ಇನ್ನೊಂದು ಕಡೆ ಕೆಡಿಸಿದೆ. ಆಗ ಅದು ತಪ್ಪು ಸಾಲು ತೋರಿಸಿತು. ನಿಜವಾದ ತಪ್ಪು ಅದರ ಮೇಲಿನ ಸಾಲಿನಲ್ಲಿತ್ತು. "ಓಹೋ, ನಿನಗೂ ಕಣ್ಣು ತಪ್ಪತ್ತಾ?" ಎಂದು ಬಾಯಿಬಿಟ್ಟು ಹೇಳಿಯೇಬಿಟ್ಟೆ.

"ನಾನು ಕೆಡಿಸಿದ್ದೆಲ್ಲ ಯಾರಾದ್ರೂ ನೋಡ್ತಾರಾ?" ಎಂದು ಗುಂಗುರು ಕೂದಲಿನವಳನ್ನು ಕೇಳಿದೆ.

"ಯಾರಿಗೆ ಪುರುಸೊತ್ತಿದೆ ಆಂಟಿ? ನನ್ನದೇ ಬೆಳಿಗ್ಗೆಯಿಂದ ಕೆಂಪಗೆ ಕೂತಿದೆ." ಅವಳ ಪರದೆಯನ್ನು ನೋಡಿದೆ. ನಿಜವಾಗಿಯೂ ಕೆಂಪಗಿತ್ತು. ಅವಳು ಚಾಕೊಲೇಟ್ ತಿನ್ನುತ್ತಿದ್ದಳು.

ಒಂದು ಗಂಟೆಗೆಂದು ಹೋದವಳು ದೀಪ ಹಾಕುವ ಹೊತ್ತಿಗೆ ಎದ್ದೆ. ಮಾರ್ಗದರ್ಶಕಿ ಬ್ಯಾಗು ಹೆಗಲಿಗೇರಿಸಿ, ಬೀಗ ಕೈಯಲ್ಲಿ ಹಿಡಿದು ತಮ್ಮ ಕೋಣೆಯ ಬಾಗಿಲಲ್ಲೇ ನಿಂತಿದ್ದರು. ಮನೆಗೆ ಫೋನ್ ಮಾಡಿ ಕೇಳೋಣವೇ ಎಂದು ಒಂದು ಕ್ಷಣ ಅನಿಸಿತು. ಕೇಳಿದರೆ ನೂರು ಅನುಮಾನ ನನಗೇ ಹುಟ್ಟುತ್ತವೆ. ಒಳಗೆ ಹೋಗಿ ಅವರ ಕಪ್ಪಿನಿಂದ ಪೆನ್ಸಿಲ್ ತೆಗೆದುಕೊಂಡು, ಗೋಡೆಗೇ ಹಾಳೆ ಒತ್ತಿ ಹಿಡಿದು, ಪ್ರೋಗ್ರಾಮಿಂಗನ್ನು ನಾಲ್ಕನೇ ವರ್ಷದಿಂದ ಹೊಡೆದುಹಾಕಿ ಮೊದಲ ವರ್ಷದ ಸಾಲಿಗೆ ಬರೆದೆ. ಅಕ್ಷರ ಸೊಟ್ಟಗಾಯಿತು. ಹಾಗೆಯೇ ಕೊಟ್ಟೆ.

"ನೀಟಾಗಿ ಬರ್ಕೊಡ್ತೀರಾ? ಐದು ನಿಮಿಷ ಕಾಯ್ತೀನಿ."

"ಬೇಡ. ಹೀಗೇ ತಗೊಳ್ಳಿ."

ಅವರು ಸಹಿ ಹಾಕಿದರು.

ಮನೆಯಲ್ಲಿ ಅತ್ತೆ ದಿಂಬಿಗೆ ಒರಗಿ, ಹನಿಯ ಬಾಟಲಿ ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದರು. ಗಂಡ ಇನ್ನೂ ಬಂದಿರಲಿಲ್ಲ. ಸೀಟು ಸಿಕ್ಕಿತೆಂದೂ, ಮುಂದಿನ ತಿಂಗಳಿನಿಂದ ವಾರದಲ್ಲಿ ಮೂರು ಸಂಜೆ ನಾನಿರುವುದಿಲ್ಲವೆಂದೂ ಹೇಳಿದೆ.

"ಹಾಗಾದ್ರೆ ಆ ಹಸಿರು ಚೀಟಿ?"

"ಮೊದಲಿಗೇ ಬಂತು."

"ಅದನ್ನ ಅಷ್ಟು ಕೆಳಗೆ ಅಂಟಿಸಿದಾಗಲೇ ಅಂದ್ಕೊಂಡೆ, ಬಗ್ಗಿ ತೆಗೆಯೋಕೆ ಸೊಂಟ ಹಿಡಿಯತ್ತೆ ಅಂತ." ಬಾಟಲಿಯ ಮುಚ್ಚಳ ತಿರುಗಿಸಿದರು. "ಸರಿ, ಇದನ್ನ ನಾನೇ ಹಾಕ್ಕೋತೀನಿ. ನೀನು ಮುಟ್ಟಬೇಡ."

"ಅತ್ತೆ, ಔಷಧ ವೇಸ್ಟಾಗತ್ತೆ, ಬಾಟಲಿ ತುದಿ ಕಣ್ಣಿಗೆ ತಾಗಿದ್ರೆ..."

"ಔಷಧದ ಡಬ್ಬಿಯ ಕಾಗದದಲ್ಲಿರೋದೆಲ್ಲ ಓದಿ ಓದಿ ನನಗಿಲ್ಲದ ಕಾಯಿಲೆಯೆಲ್ಲ ಬರಿಸಿದ್ದೀಯ. ಸುಮ್ನಿರು ತಾಯಿ."

ಮುಖ ಮೇಲೆತ್ತಿದರು. ಮೊದಲ ಹನಿ ಕೆನ್ನೆಗೆ ಬಿತ್ತು. "ಥೂ," ಎಂದರು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಎರಡನೆಯದು ಹುಬ್ಬಿಗೆ ಬಿದ್ದು ಕಿವಿಯ ಕಡೆ ಹರಿಯಿತು.

"ಸ್ವಲ್ಪ ಒಳಗಡೆಗೆ, ಮೂಗಿನ ಪಕ್ಕಕ್ಕೆ," ಎಂದೆ. ಅಷ್ಟೇ ಹೇಳಿದೆ.

ಮೂರನೆಯದು ಕಣ್ಣಿಗೆ ಬಿತ್ತು. ಅತ್ತೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಇನ್ನೊಂದು ಕಣ್ಣಿನ ಕಡೆಗೆ ಬಾಟಲಿ ಎತ್ತಿದರು.