ಹಿಂಡದ ಸಿಪ್ಪೆ

"ಸತ್ತವನು ಸತ್ತ! ಸಿಪ್ಪೆ ಹುಳಿಯಾಗೋ ಮುಂಚೆ ಹಿಂಡ್ರೋ, ಬೋಳಿಮಕ್ಕಳಾ!"

ಧಣಿ ಹಾಗೆ ಕೂಗುವಾಗ ನನ್ನ ತಮ್ಮ ವೈನ್ ಕೋಣೆಯ ಹೊಸ್ತಿಲ ಬಳಿ ಗೋಣಿತಾಟಿನ ಮೇಲೆ ಮಲಗಿದ್ದ. ಅಂಗಳದಲ್ಲಿ ದ್ರಾಕ್ಷಿ ಆರಿಸುತ್ತಿದ್ದ ನಾನು ಗದ್ದಲ ಕೇಳಿ ಓಡಿ ಬಂದಿದ್ದೆ. ಅವನ ಮೂಗಿನ ಬಳಿ ಬೆರಳು ಹಿಡಿದೆ. ದೇವರು ಕೊಟ್ಟ, ದೇವರೇ ಕರೆದುಕೊಂಡ ಎನ್ನಲು ಬಾಯಿ ತೆರೆದೆ. ಅದನ್ನು ಅಲ್ಲಿಗೇ ಬಿಟ್ಟು, ಅವನ ಗಲ್ಲಕ್ಕೆ ಅಂಟಿದ್ದ ಸಿಪ್ಪೆ ಒರೆಸಿದೆ.

ರಸ ಹುದುಗು ಬಂದ ಮೇಲೆ ತೊಟ್ಟಿಯ ತಳದಲ್ಲಿ ಕಣ್ಣಿಗೆ ಕಾಣದ ಕೆಟ್ಟ ಗಾಳಿ ನಿಂತಿರುತ್ತದೆ. ರಸ ಬಸಿದು, ಉಳಿದ ಸಿಪ್ಪೆ ಎತ್ತಲು ಆಳು ಇಳಿಯುವ ಮುಂಚೆ ಹಗ್ಗಕ್ಕೆ ದೀಪ ಕಟ್ಟಿ ಒಳಗೆ ಇಳಿಬಿಡುವುದು ನಮ್ಮ ರೂಢಿ. ದೀಪ ಆರಿದರೆ ಯಾರೂ ಇಳಿಯುವುದಿಲ್ಲ. ಈ ಸಲ ಧಣಿ ದೀಪ ಬೇಡವೆಂದ. ಎಣ್ಣೆಯ ಹೊಗೆ ವೈನಿಗೆ ಹತ್ತುತ್ತದಂತೆ. ಕಿಟಕಿಗಳನ್ನೂ ಮುಚ್ಚಿಸಿದ, ಪರಿಮಳ ಹಾರಿಹೋಗುತ್ತದಂತೆ. ಹಣ್ಣು ಬೆಳೆದ ಕಲ್ಲುದಿಣ್ಣೆಯ ರುಚಿಯೊಂದೇ ನಾಲಿಗೆಗೆ ತಾಗಬೇಕೆಂದು ಅವನ ಆಸೆ. ದೀಪವಿಲ್ಲದ ಆ ತೊಟ್ಟಿಗೆ ಮೊದಲು ಇಳಿದವನು ನನ್ನ ತಮ್ಮ.

ಆ ದಿಣ್ಣೆಯ ಬಳ್ಳಿಗಳನ್ನು ಸಾಕಿದವನು ನನ್ನ ತಮ್ಮ. ಅಲ್ಲಿ ಮಣ್ಣಿಗಿಂತ ಕಲ್ಲೇ ಹೆಚ್ಚು. ಬೇರು ಬಿರುಕು ಹುಡುಕಿಕೊಂಡು ಇಳಿಯಬೇಕು. ಅರ್ಧ ಗೊನೆಗಳನ್ನು ಕಾಯಿಯಲ್ಲೇ ಕತ್ತರಿಸಿ ಹಾಕುತ್ತಿದ್ದ, ಉಳಿದವಕ್ಕೆ ಕಸುವು ಬರಲೆಂದು. "ಅಕ್ಕಾ, ಹಳ್ಳದ ಬದಿ ಹಣ್ಣು ನೀರು ಕುಡಿದು ಧಣಿ ಹೊಟ್ಟೆ ಥರ ಉಬ್ಬಿದೆ. ನಮ್ಮದು ನಮ್ಮ ಹಾಗೇ, ತೊಗಲು ದಪ್ಪ," ಎಂದು ನಗುತ್ತಿದ್ದ. ನನಗೆ ಅವನನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ.

ಕಿಟಕಿಗಳನ್ನು ಈಗ ತೆರೆದಿದ್ದರು. ಆಳುಗಳು ಸಿಪ್ಪೆಯನ್ನು ಮೇಲೆತ್ತಿ ಹಿಂಡುವ ಯಂತ್ರದ ಬದಿಗೆ ರಾಶಿ ಹಾಕಿದರು.

"ಧಣೇರೇ, ಅದನ್ನ ಹಿಂಡಬೇಡಿ. ಅದರ ಮೇಲೇ ಬಿದ್ದು ಅವನ ಜೀವ ಹೋಗಿದೆ."

"ಮುಚ್ಚೇ ಬಾಯಿ, ಮುದಿ ಗೂಬೆ! ಬಣ್ಣ, ಕಸುವು ಎಲ್ಲ ಇರೋದೇ ಸಿಪ್ಪೇಲಿ. ನಿನ್ನ ತಮ್ಮ ಬಿದ್ದ ಅಂತ ನನ್ನ ವೈನ್ ಸಪ್ಪೆ ಆಗ್ಬೇಕಾ?"

"ಕುಡಿಯೋರಿಗೆ ಏನಂತ ಹೇಳ್ತೀರಿ?"

"ಕಲ್ಲಿನ ರುಚಿ ಅಂತೀನಿ. ಇನ್ನೇನು ಹೇಳ್ಬೇಕು?"

ಮೇಸ್ತ್ರಿ ಅಭ್ಯಾಸಬಲದಿಂದ ಕಿಸಕ್ಕನೆ ನಕ್ಕ. ನಕ್ಕದ್ದಕ್ಕೆ ತಾನೇ ಬೆಚ್ಚಿ ತಲೆ ತಗ್ಗಿಸಿದ.

ಧಣಿ ಊಟಕ್ಕೆ ಒಳಗೆ ಹೋದ. ನಾನು ಬುಟ್ಟಿಗೆ ಸಿಪ್ಪೆ ತುಂಬತೊಡಗಿದೆ.

"ಅಕ್ಕಾ, ಎಲ್ಲಿಗೆ ಒಯ್ತೀಯಾ? ಅವನು ನಮ್ಮ ಚರ್ಮ ಸುಲೀತಾನೆ ಕಣೇ!" ಎಂದ ಮೇಸ್ತ್ರಿ.

"ನನ್ನದು ಸುಲೀಲಿ ಬಿಡೋ. ನೀನು ಮುಟ್ಟಬೇಡ. ಮಕ್ಕಳೊಂದಿಗ."

ಯಾರೂ ಜೊತೆಗೆ ಬರಲಿಲ್ಲ. ಯಾರೂ ತಡೆಯಲೂ ಇಲ್ಲ. ದಿಣ್ಣೆ ಹತ್ತಿ ಬಳ್ಳಿಗಳ ಬುಡದಲ್ಲಿ ಸುರಿದೆ. ಮತ್ತೆ ಬಾಚಿಕೊಳ್ಳಲಾಗದಂತೆ ಮಣ್ಣಿನೊಡನೆ ತುಳಿದೆ. ಇಳಿದು ಬಂದು ಮತ್ತೆ ಹೊತ್ತೆ. ಹೊಸ್ತಿಲು ದಾಟುವಾಗೆಲ್ಲ, "ಇಲ್ಲೇ ಇರಪ್ಪಾ, ಬಂದೆ," ಎಂದು ತಮ್ಮನಿಗೆ ಹೇಳುತ್ತಿದ್ದೆ.

ರಾಶಿ ಮುಗಿಯುತ್ತ ಬಂದಾಗ ಧಣಿ ಹೊರಗೆ ಬಂದ.

"ಕಳ್ಳ ಮುಂಡೆ! ಇಳಿಸೇ ಬುಟ್ಟೀನಾ! ನಾಳೆಯಿಂದ ಈ ಕಡೆ ಕಾಲಿಟ್ರೆ ಕಾಲು ಮುರೀತೀನಿ!"

"ನಾಳೆ ಮುರೀರಿ. ಇವತ್ತು ಕೆಲಸ ಇದೆ."

ದಾರಿಗೆ ಅಡ್ಡ ನಿಂತ. ನಾನು ನಡೆದೆ. ತಲೆಯ ಮೇಲಿನ ಬುಟ್ಟಿಯಿಂದ ಕೆಂಪು ರಸ ಸೋರುತ್ತಿತ್ತು. ತನ್ನ ಬಿಳಿ ಅಂಗಿಯನ್ನು ಹಿಡಿದುಕೊಂಡು ಅವನು ಪಕ್ಕಕ್ಕೆ ಸರಿದ.

ಮೇಲೆ ಗಾಳಿ ಜೋರಾಗಿತ್ತು. ಕೊನೆಯ ಬುಟ್ಟಿ ಸುರಿದು ಕಲ್ಲುಗಳ ನಡುವೆ ಮೊಣಕಾಲೂರಿದೆ. ಕೆಳಗಿನಿಂದ ಬೈಗುಳ ಇನ್ನೂ ಕೇಳುತ್ತಿತ್ತು.

ದೇವರೇ, ನನ್ನ ತಮ್ಮ ಉಸಿರು ಸಿಗದೆ ಹೋದ. ನಿನ್ನ ಬಳಿ ಅವನಿಗೆ ಬೇಕಾದಷ್ಟು ಗಾಳಿ ಇರಲಿ. ಅವನನ್ನು ಇನ್ನು ಯಾರೂ ಕೂಗಿ ಕೆಲಸಕ್ಕೆ ಎಬ್ಬಿಸದಿರಲಿ. ಅವನ ಜೀವಕ್ಕೆ ಶಾಂತಿ ಕೊಡು, ತಂದೆ.