ಪೋಳ ತಂದವರು ಯಾರು

ಪುತ್ತಂಕರಿಯ ಕಡವಿನಲ್ಲಿ ದೋಣಿ ನಡೆಸಲು ಶುರುಮಾಡಿದಾಗ ಈ ಸುಗುಣನಿಗೆ ಇಪ್ಪತ್ತೆರಡು ವರ್ಷ. ಕಾಲುವೆಯ ಈ ದಡದಲ್ಲಿ ಬೋಟ್ ಜೆಟ್ಟಿ, ಶಾಲೆ, ಸೇಂದಿ ಅಂಗಡಿ. ಆ ದಡದಲ್ಲಿ ಚರ್ಚು, ರೇಷನ್ ಅಂಗಡಿ ಮತ್ತು ಊರಿನ ಮುಕ್ಕಾಲು ಪಾಲು ಮನೆಗಳು. ದೇವರು ಬೇಕಾದವರೂ ಅಕ್ಕಿ ಬೇಕಾದವರೂ ನನ್ನ ದೋಣಿಯನ್ನೇ ಹತ್ತಬೇಕು. ಸೇಂದಿ ಬೇಕಾದವರಂತೂ ದಿನಕ್ಕೆರಡು ಸಲ ಹತ್ತುತ್ತಿದ್ದರು.

ಶೋಶಮ್ಮ ಟೀಚರ್ ಶಾಲೆಯ ಹೆಡ್‌ಮಿಸ್ಟ್ರೆಸ್. ಸಣ್ಣ ಆಳು, ದೊಡ್ಡ ಕೊಡೆ. ಪಂಚಾಯ್ತಿ ಮೆಂಬರ್ ಭಾಸುರನಿಗೆ ಆಗ ನಲವತ್ತು ದಾಟಿತ್ತು, ತಲೆ ಬೋಳಾಗಿತ್ತು. ಆದರೂ ಟೀಚರ್ ದೋಣಿ ಹತ್ತುವುದು ಕಂಡರೆ ಬಾಯಲ್ಲಿದ್ದ ಬೀಡಿಯನ್ನು ನೀರಿಗೆಸೆದು ಎದ್ದು ನಿಲ್ಲುತ್ತಿದ್ದ. ಅವರ ಕೈಯಲ್ಲಿ ಒಂದನೇ ಕ್ಲಾಸು ಓದಿದವನು, ಪಾಪ.

ಒಂದು ದಿನ ಟೀಚರ್ ಪಟ್ಟಣದ ಅಕ್ಕನ ಮನೆಯಿಂದ ವಾಪಸು ಬಂದರು. ಮಡಿಲಲ್ಲಿ ಒಂದು ಉಪ್ಪಿನಕಾಯಿ ಜಾಡಿ. ಜಾಡಿಯಲ್ಲಿ ನೀರು, ನೀರಿನ ಮೇಲೆ ದುಂಡನೆ ಎಲೆಗಳ ಒಂದು ಗಿಡ, ನಡುವೆ ತೆಳು ನೇರಳೆ ಬಣ್ಣದ ಹೂಗೊಂಚಲು. ಒಂದೊಂದು ಹೂವಿನ ಮೇಲೂ ನವಿಲುಗರಿಯ ಕಣ್ಣಿನಂಥ ಹಳದಿ ಬೊಟ್ಟು.

“ಏನು ಟೀಚರೇ ಇದು?”

“ಗಿಡ. ಕಾಣಲ್ವಾ?”

“ಮಣ್ಣಿಲ್ದೆ, ಬರೀ ನೀರಲ್ಲೇ ಬದುಕುತ್ತಾ?”

“ನೀನು ಬದುಕ್ತಿಲ್ವಾ ಸುಗುಣಾ?”

ಆ ಮೇಲೆ ಒಂದು ಎಲೆಯ ಬುಡದ ಉಬ್ಬಿದ ದಂಟನ್ನು ಹಿಸುಕಿ ತೋರಿಸಿದರು. ಟಪ್ಪೆಂದಿತು. ಒಳಗೆಲ್ಲ ಗಾಳಿ, ಅದಕ್ಕೇ ತೇಲುತ್ತದೆ, ಮಕ್ಕಳಿಗೆ ಪಾಠಕ್ಕೆ ಒಳ್ಳೆಯದು ಎಂದರು. ಆ ದಿನ ನನ್ನ ದೋಣಿಯಲ್ಲಿದ್ದ ಹನ್ನೊಂದು ಜನರೂ ಆ ಹೂವನ್ನು ನೋಡಿ ಆಹಾ ಎಂದರು. ಬೇಡ ಎಂದವರು ಒಬ್ಬರಿಲ್ಲ.

ಟೀಚರ್ ಅದನ್ನು ಶಾಲೆಯ ಹಿಂದಿನ ಸಿಮೆಂಟ್ ತೊಟ್ಟಿಯಲ್ಲಿ ಬಿಟ್ಟರು. ಒಂದೂವರೆ ತಿಂಗಳಿಗೆ ತೊಟ್ಟಿ ತುಂಬಿತು. ‘ಮಕ್ಕಳು ಮುಟ್ಟಬಾರದು’ ಎಂದು ರಟ್ಟಿನ ಮೇಲೆ ಬರೆದು ತೂಗುಹಾಕಿದರು.

ಇನ್ನು ಮುಂದಿನದು ನನ್ನ ಕಥೆ, ಮುಚ್ಚಿಡುವುದಿಲ್ಲ. ಆಗ ನನ್ನ ಹೆಂಡತಿ ತಂಕಮಣಿಗೆ ಏಳು ತಿಂಗಳು. ಬೇರೆ ಬಸುರಿಯರಿಗೆ ಹಸಿ ಮಾವಿನಕಾಯಿ, ಹುಣಸೆಹಣ್ಣಿನ ಆಸೆಯಾದರೆ ಇವಳಿಗೆ ಶಾಲೆಯ ಹೂವಿನ ಆಸೆ. ಒಂದು ಮಧ್ಯಾಹ್ನ, ಮಕ್ಕಳು ಗಂಜಿ ಕುಡಿಯುವ ಹೊತ್ತಿನಲ್ಲಿ, ಒಂದು ಗಿಡವನ್ನು ಟವೆಲಿನಲ್ಲಿ ಸುತ್ತಿ ತಂದೆ. ಮನೆಯ ಮುಂದಿನ ಮಣ್ಣಿನ ಬಾನಿಯಲ್ಲಿ ಬಿಟ್ಟೆವು. ಹೂವೂ ಆಯಿತು, ಮಗಳೂ ಹುಟ್ಟಿದಳು. ಬಾನಿ ಮಾತ್ರ ಉಕ್ಕಿ ಹರಿಯುವಷ್ಟು ತುಂಬಿತು. ಅರ್ಧ ಕಿತ್ತು ಕಾಲುವೆಗೆ ಎಸೆದೆ. ಇಷ್ಟು ದೊಡ್ಡ ಕಾಲುವೆಯಲ್ಲಿ ಇಷ್ಟು ಸೊಪ್ಪು ಏನು ಮಾಡೀತು ಎಂದುಕೊಂಡೆ.

ಮೊದಲ ಮಳೆಗಾಲದಲ್ಲಿ ಒಂದು ಚಾಪೆಯಷ್ಟು ಕಂಡಿತು. ಎರಡನೆಯದರಲ್ಲಿ ಸೇಂದಿ ಅಂಗಡಿಯಿಂದ ತಿರುವಿನವರೆಗೆ ಹಬ್ಬಿತು. ಹೊರಗಿನ ದೊಡ್ಡ ಹೊಳೆಯಲ್ಲಿ ದೂರದಿಂದ ನೋಡಿದ್ದ, ಪೋಳ ಎಂಬ ತೇಲುವ ಸೊಪ್ಪು ಇದೇ ಎಂದು ಆಗ ಗೊತ್ತಾಯಿತು. ಅಲ್ಲಿಯವರೆಗೆ ನಮ್ಮ ಕಾಲುವೆಗೆ ಅದು ಬಂದಿರಲೇ ಇಲ್ಲ. ಮೂರನೆಯ ವರ್ಷ ಕಾಲುವೆಯೇ ಕಾಣಲಿಲ್ಲ. ಭಾಸುರನ ಹಸು ಹೊಸ ಹುಲ್ಲುಗಾವಲು ಎಂದುಕೊಂಡು ದಡದಿಂದ ನೇರವಾಗಿ ಒಳಗೆ ನಡೆದೇಬಿಟ್ಟಿತು. ಆರು ಜನ ಸೇರಿ ಎಳೆದು ಹಾಕಿದೆವು. ಆಮೇಲೆ ಅದು ಗಟ್ಟಿ ನೆಲದ ಹುಲ್ಲಿನ ಮೇಲೂ ಒಂದು ಕಾಲಿಟ್ಟು ಪರೀಕ್ಷೆ ಮಾಡದೆ ಮುಂದೆ ಹೋಗುತ್ತಿರಲಿಲ್ಲ.

ಐದು ನಿಮಿಷದ ದಾರಿ ನನಗೆ ಮುಕ್ಕಾಲು ಗಂಟೆಯದಾಯಿತು. ಪೋಳದ ಕೆಳಗೆ ಬಿಸಿಲು ಬೀಳದೆ ನೀರು ಕಪ್ಪಗಾಗಿ ನಾರತೊಡಗಿತು. ಬೇಸಿಗೆಯ ಬೆಳಿಗ್ಗೆ ಮೀನುಗಳು ಸಿಕ್ಕ ಸಂದಿಯಲ್ಲಿ ಬಾಯಿ ಮೇಲೆತ್ತಿ ಗಾಳಿ ನುಂಗುತ್ತಿದ್ದವು. ಮಧ್ಯಾಹ್ನಕ್ಕೆ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನೀಲಿ ನೀರುಕೋಳಿಗಳು ಮಾತ್ರ ಎಲೆಯಿಂದೆಲೆಗೆ ಉದ್ದುದ್ದ ಬೆರಳೂರಿ ಜಮೀನ್ದಾರರಂತೆ ಓಡಾಡಿಕೊಂಡಿದ್ದವು. ಸೊಳ್ಳೆಗಳ ಸುಖವನ್ನಂತೂ ಕೇಳಬೇಡಿ. ಟೀಚರ ಗಂಡ ಕುರುವಿಳ ಅಚ್ಚಾಯನಿಗೆ ಗಾಳ ಹಾಕುವುದೊಂದೇ ಕೆಲಸ, ಶಾಲೆಯ ತೊಟ್ಟಿಯನ್ನು ಕಂಡವರೇ ಅಲ್ಲ. ಅವರು ಗಾಳ ಬೀಸಿದರೆ ಅದು ನೀರಿಗೆ ಇಳಿಯದೆ ಎಲೆಯ ಮೇಲೆ ಕೂತುಬಿಡುತ್ತಿತ್ತು.

“ಇದನ್ನ ತಂದವನು ಕೈಗೆ ಸಿಗ್ಲಿ,” ಎಂದು ದಿನವೂ ಹೆಂಡತಿಯ ಎದುರೇ ಹೇಳುತ್ತಿದ್ದರಂತೆ, “ಅವನನ್ನೇ ಗಾಳಕ್ಕೆ ಸಿಕ್ಕಿಸ್ತೀನಿ.”

“ಮೊದ್ಲು ಊಟ ಮಾಡಿ,” ಎನ್ನುತ್ತಿದ್ದರಂತೆ ಟೀಚರ್.

ಕೊನೆಗೆ ಪೋಳ ನಿರ್ಮೂಲನ ಸಮಿತಿಯಾಯಿತು. ಊರಿನಲ್ಲಿ ಎಲ್ಲರೂ ಹೆದರುವುದು ಅವರೊಬ್ಬರಿಗೇ ಎಂದು ಟೀಚರನ್ನು ಅಧ್ಯಕ್ಷೆ ಮಾಡಿದರು. ಚರ್ಚಿನ ಪಾದ್ರಿ ಪುನ್ನೂಸ್ ಅಚ್ಚನ್ ಉಪಾಧ್ಯಕ್ಷರು, ಭಾಸುರ ಕಾರ್ಯದರ್ಶಿ. ದೋಣಿ ಇದೆ ಎಂಬ ಕಾರಣಕ್ಕೆ ನಾನೂ ಸದಸ್ಯ.

ಮೊದಲ ಸಭೆಯಲ್ಲೇ ಸೇಂದಿ ಅಂಗಡಿಯವನು ಎದ್ದು ನಿಂತು ಗುಡುಗಿದ. “ಇದನ್ನ ಈ ಕಾಲುವೆಗೆ ತಂದ ಮಹಾನುಭಾವ ಯಾರು ಅಂತ ಮೊದ್ಲು ಪತ್ತೆ ಆಗ್ಬೇಕು!”

ಟೀಚರ್ ಕನ್ನಡಕ ತೆಗೆದು ಒರೆಸತೊಡಗಿದರು. ಭಾಸುರನಿಗೆ ಕೆಮ್ಮು ಬಂತು. ನಾನು ಛಾವಣಿಯ ಹೆಂಚು ಎಣಿಸಿದೆ. ಶಾಲೆಯ ತೊಟ್ಟಿಯ ಹೆಸರೆತ್ತುವ ಧೈರ್ಯ ಯಾರಿಗೂ ಇರಲಿಲ್ಲ.

“ಹಳೇದು ಕೆದಕೋದು ಬೇಡ,” ಎಂದರು ಅಚ್ಚನ್, ಮೆತ್ತಗೆ. “ಕ್ಷಮಿಸೋದು ದೊಡ್ಡ ಗುಣ.”

“ಅದೇ ಸರಿ,” ಎಂದ ಭಾಸುರ, ಕೆಮ್ಮು ನಿಂತಿತ್ತು. “ಮುಂದಿನ ಕೆಲಸ ನೋಡೋಣ.”

ಎಂಥ ದೊಡ್ಡ ಮನಸ್ಸಿನವರಪ್ಪ ಇವರು ಎಂದುಕೊಂಡೆ. ಅವರ ಮುಂದೆ ನಾನೊಬ್ಬನೇ ಕಳ್ಳ ಎನಿಸಿ ಎರಡು ದಿನ ಅನ್ನ ಸೇರಲಿಲ್ಲ.

ಮೊದಲು ಕುಡುಗೋಲು ಹಿಡಿದು ಇಳಿದೆವು. ಮೂವತ್ತು ಜನ, ಎರಡು ದಿನ, ಕಚಕಚನೆ ಕಡಿದೇ ಕಡಿದೆವು. ತುಂಡುಗಳು ನಾಲ್ಕೂ ದಿಕ್ಕಿಗೆ ತೇಲಿದವು. ಎರಡು ವಾರದಲ್ಲಿ ಒಂದೊಂದು ತುಂಡೂ ಬೇರು ಬಿಟ್ಟು, ಪಕ್ಕದಲ್ಲೊಂದು ಮರಿ ಹಾಕಿ, ಮೊದಲಿಗಿಂತ ದಟ್ಟವಾಗಿ ಎದ್ದಿತು. ಟೀಚರ್ ದಡದಲ್ಲಿ ನಿಂತು ನೋಡಿ, “ನಾವು ಕಡಿದದ್ದಲ್ಲ ಕಣ್ರೋ, ನಾಟಿ ಮಾಡಿದ್ದು,” ಎಂದರು.

ಆಮೇಲೆ ಭಾಸುರನ ಉಪಾಯ. ಗಾಳಿ ಆ ಕಡೆಗೆ ಬೀಸುವ ಹೊತ್ತಿಗೆ ಬಿದಿರುಗಳಿಂದ ತಳ್ಳಿ ಪಕ್ಕದ ಊರು ಕೈತಕ್ಕರಿಯ ಕಡೆಗೆ ಸಾಗಿಸುವುದು. ಬೆಳಿಗ್ಗೆ ತಳ್ಳಿದೆವು, ಸೊಗಸಾಗಿ ಹೋಯಿತು. ಚಹಾ ಕುಡಿದು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡೆವು. ಸಂಜೆ ಗಾಳಿ ಈ ಕಡೆಗೆ ಬೀಸಿದಾಗ ನಮ್ಮದಷ್ಟೂ ವಾಪಸು ಬಂತು. ಜೊತೆಗೆ ಕೈತಕ್ಕರಿಯವರದೂ, ಅವರ ಒಂದು ಹರಕು ಬಾತುಕೋಳಿ ಬುಟ್ಟಿಯೂ. ಹಿಂದಿನಿಂದ ಅವರ ಕೂಗು ಬೇರೆ: “ಇನ್ನೂ ಬೇಕಾದ್ರೆ ಹೇಳ್ರೋ, ನಾಳೆ ಕಳಿಸ್ತೀವಿ!”

ಹೀಗಿರುವಾಗ ಚರ್ಚಿಗೆ ಹೊಸ ಗಂಟೆ ಬಂತು. ಅದನ್ನು ಹರಸಲು ಬಿಷಪ್ ತಿರುಮೇನಿಯೇ ಬರುವುದೆಂದು ತೀರ್ಮಾನವಾಯಿತು. ಹಿಂದಿನ ದಿನ ನಾವೆಲ್ಲ ಸೇರಿ ಜೆಟ್ಟಿಯಿಂದ ಚರ್ಚಿನವರೆಗೆ ದೋಣಿಯಗಲದ ಒಂದು ದಾರಿ ಬಿಡಿಸಿದೆವು. ಎರಡೂ ಕಡೆ ಹಗ್ಗ ಕಟ್ಟಿ ಪೋಳವನ್ನು ತಡೆದು ನಿಲ್ಲಿಸಿದೆವು. ಅಧ್ಯಕ್ಷೆ ಪರಿಶೀಲಿಸಿ ಹತ್ತಕ್ಕೆ ಏಳು ಅಂಕ ಕೊಟ್ಟರು.

ಬೆಳಿಗ್ಗೆ ಹತ್ತಕ್ಕೆ ತಿರುಮೇನಿ ಬಂದರು. ಎಪ್ಪತ್ತರ ಸ್ಥೂಲ ದೇಹ, ಎದೆ ಮುಚ್ಚುವ ಬಿಳಿ ಗಡ್ಡ, ಕೆಂಪು ನಿಲುವಂಗಿ. ಅವರ ಜೊತೆ ಅಚ್ಚನ್, ಟೀಚರ್, ಭಾಸುರ ದೋಣಿ ಹತ್ತಿದರು. ಆ ದಡದಲ್ಲಿ ಬ್ಯಾಂಡ್ ಶುರುವಾಯಿತು. ಕಾಲುವೆಯ ನಟ್ಟನಡುವೆ ಇದ್ದೆವು, ಗಾಳಿ ತಿರುಗಿತು. ಒಂದು ಹಗ್ಗ ಪಟ್ಟನೆ ಹರಿಯಿತು. ಎಕರೆಗಟ್ಟಲೆ ಪೋಳ ನಿಧಾನಕ್ಕೆ, ಯಾವ ಗಡಿಬಿಡಿಯೂ ಇಲ್ಲದೆ ಬಂದು ಮುಂದಿನ ದಾರಿ ಮುಚ್ಚಿತು. ಹಿಂತಿರುಗಿ ನೋಡಿದರೆ ಹಿಂದಿನದೂ ಮುಚ್ಚಿತ್ತು. ಜೋರಾಗಿ ಗಳು ಊರಿದೆ. ಗಳು ಬೇರುಗಳಲ್ಲಿ ಸಿಕ್ಕಿಕೊಂಡಿತು; ಎಳೆದರೆ ನಾನೇ ನೀರಿಗೆ ಹೋಗುವಂತಾಯಿತು.

“ಏನಾಯ್ತು ಮಗಾ?” ಎಂದರು ತಿರುಮೇನಿ.

“ಏನಿಲ್ಲ ತಿರುಮೇನಿ, ಒಂದು ನಿಮಿಷ.”

ಒಂದು ಗಂಟೆ ಕಳೆಯಿತು. ಬ್ಯಾಂಡಿನವರಿಗೆ ಬರುತ್ತಿದ್ದುದು ಮೂರು ಹಾಡು. ಅವನ್ನು ಆರಾರು ಸಲ ಬಾರಿಸಿ, ತುತ್ತೂರಿಯವನು ಕೂತುಬಿಟ್ಟ. ಡೋಲಿನವನೊಬ್ಬ ಆಗಾಗ ನೆನಪಾದಾಗ ಒಂದೇಟು ಹಾಕುತ್ತಿದ್ದ. ಬಿಸಿಲು ನೆತ್ತಿಗೆ ಬರುತ್ತಿತ್ತು. ಟೀಚರ್ ತಮ್ಮ ದೊಡ್ಡ ಕೊಡೆಯನ್ನು ತಿರುಮೇನಿಗೆ ಹಿಡಿದು ತಾವು ಬಿಸಿಲಲ್ಲಿ ಕೂತಿದ್ದರು.

ತಿರುಮೇನಿ ಸುತ್ತಲೂ ನೋಡಿದರು. ಕಣ್ಣು ಹಾಯುವವರೆಗೂ ನೇರಳೆ ಹೂವು. “ಚೆಂದ ಏನೋ ಚೆಂದವೇ,” ಎಂದರು. “ಎಲ್ಲಿಂದ ಬಂತು ಇದು?”

ಟೀಚರ್ ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು.

“ನಾನೇ ತಂದದ್ದು ತಿರುಮೇನಿ.”

ತೊಟ್ಟಿಯ ಗಿಡ ಅವರು ತಂದದ್ದು ನಮಗೆಲ್ಲ ಗೊತ್ತಿತ್ತು; ಕಾಲುವೆಯದೂ ಅವರದೇ ಎನ್ನುತ್ತಿದ್ದಾರೆಂದು ಯಾರಿಗೂ ಅರ್ಥವಾಗಲಿಲ್ಲ.

“ನಾನೇ. ಉಪ್ಪಿನಕಾಯಿ ಜಾಡಿಯಲ್ಲಿ. ಮಕ್ಕಳಿಗೆ ಪಾಠಕ್ಕೆ ಅಂತ ತಂದೆ. ತೊಟ್ಟಿ ತುಂಬಿದಾಗ ಹೆಚ್ಚಾದದ್ದನ್ನ ನಾನೇ ಈ ನೀರಿಗೆ ಹಾಕ್ದೆ. ಸಮಿತಿಗೆ ಅಧ್ಯಕ್ಷೆ ಆಗಿ ಕೂತೆ, ಬಾಯಿ ಬಿಡ್ಲಿಲ್ಲ. ನಮ್ಮನೆಯೋರು ದಿನಾ ಬೈಯ್ತಾರೆ, ಅವರಿಗೂ ಹೇಳ್ಲಿಲ್ಲ.” ಎರಡು ತಲೆಮಾರು ನಡುಗಿಸಿದ ಟೀಚರ್ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನನಗೆ ನೋಡಲಾಗಲಿಲ್ಲ.

ಭಾಸುರ ಅರ್ಧ ಎದ್ದು ಮತ್ತೆ ಕೂತ. ದೋಣಿ ತೂಗಿತು.

“ಟೀಚರೇ, ಅಳ್ಬೇಡಿ. ನಿಮ್ಮ ತೊಟ್ಟಿಯಿಂದ ನಾನೂ ಒಂದು ಕದ್ದಿದ್ದೆ.”

“ಏನು?”

“ಕಲೆಕ್ಟರ್ ಬರ್ತಾರೆ ಅಂತ ಪಂಚಾಯ್ತಿ ಆಫೀಸಿನ ಮುಂದಿನ ಹೊಂಡಕ್ಕೆ ಹಾಕಿದ್ದೆ. ಕಲೆಕ್ಟರ್ ಬರ್ಲಿಲ್ಲ. ಹೊಂಡ ತುಂಬ್ತು. ಕೆರೆದು ಕಾಲುವೆಗೆ ಹಾಕಿಸ್ದೆ. ಮೂರು ಗಾಡಿ ಆಯ್ತು.”

“ಮೂರು ಗಾಡಿ!” ಟೀಚರ ಅಳು ಅಲ್ಲಿಗೇ ನಿಂತಿತು. “ಬೋರ್ಡ್ ಹಾಕಿದ್ದೆ! ಓದೋಕೆ ಬರಲ್ವಾ ನಿಂಗೆ? ನಾನೇ ಕಲಿಸಿದ್ನಲ್ಲೋ!”

ಪುನ್ನೂಸ್ ಅಚ್ಚನ್ ಗಂಟಲು ಸರಿಪಡಿಸಿಕೊಂಡರು. “ಬೋರ್ಡಿನಲ್ಲಿ ಮಕ್ಕಳು ಮುಟ್ಟಬಾರದು ಅಂತ ಮಾತ್ರ ಇತ್ತು ಟೀಚರೇ.”

“ಅಚ್ಚೋ! ನೀವೂನಾ?”

“ಈಸ್ಟರ್‌ಗೆ, ಹಿತ್ತಾಳೆ ಬೋಗುಣಿಯಲ್ಲಿ. ದೇವರ ಮುಂದೆ ಇಡೋಕೆ. ಆಮೇಲೆ ಬಾಡಿತು ಅಂತ ಮೆಟ್ಟಿಲಿಂದ ನೀರಿಗೆ ಬಿಟ್ಟೆ.” ಸ್ವಲ್ಪ ತಡೆದು ಹೇಳಿದರು, “ಬಾಡಿರಲಿಲ್ಲ.”

ಈಗ ಮೂವರೂ ಸುಮ್ಮನಿದ್ದ ನನ್ನ ಕಡೆ ತಿರುಗಿದರು. ತಂಕಮಣಿ, ಏಳು ತಿಂಗಳು, ಟವೆಲು, ಬಾನಿ, ಎಲ್ಲ ಹೇಳಿದೆ. “ಬಸುರಿ ಹೆಸರು ಹೇಳಿ ತಪ್ಪಿಸ್ಕೋಬೇಡ,” ಎಂದ ಭಾಸುರ.

“ಮೂರು ಗಾಡಿಯವನು ಮಾತಾಡ್ಬೇಡ,” ಎಂದೆ.

ತಿರುಮೇನಿ ಗಡ್ಡದೊಳಗೆ ನಗುತ್ತಿದ್ದರು, ಹೊಟ್ಟೆ ಕುಲುಕುತ್ತಿತ್ತು. “ಆಗ್ಲಿ, ಆಗ್ಲಿ. ಟೀಚರೇ, ನಿಮಗೆ ಇದನ್ನ ಕೊಟ್ಟವರು ಯಾರು?”

“ನಮ್ಮಕ್ಕ ತಿರುಮೇನಿ. ಪಟ್ಟಣದಲ್ಲಿ ಇರೋದು, ನಿಮ್ಮ ಅರಮನೆಯ ಹಿಂದಿನ ಬೀದಿಯಲ್ಲೇ. ಅವಳಿಗೆ ಅಲ್ಲಿಯ ಮಾಲಿ ಬೇಲಿ ಮೇಲಿಂದ...” ಟೀಚರ್ ಅಲ್ಲಿಗೆ ತಡೆದರು.

ತಿರುಮೇನಿಯ ಹೊಟ್ಟೆ ಕುಲುಕುವುದೂ ನಿಂತಿತು. ಆ ದಡದಲ್ಲಿ ಡೋಲಿನವನು ಒಂದೇಟು ಹಾಕಿದ.

“ಕೊಳಕ್ಕೆ ಹೂವು ಇರ್ಲಿ ಅಂತ ನಾನೇ ತರಿಸಿದ್ದು,” ಎಂದರು ಕೊನೆಗೆ. ಎದೆಯ ಮೇಲಿನ ಬೆಳ್ಳಿ ಶಿಲುಬೆಯನ್ನು ತೆಗೆದು ಅಚ್ಚನ್ ಕೈಗೆ ಕೊಟ್ಟು ನಿಲುವಂಗಿಯ ತೋಳನ್ನು ಮೇಲಕ್ಕೆ ಮಡಚಿದರು. “ಈ ಕಡೆ ನಾನು ಕೀಳ್ತೀನಿ. ಆ ಕಡೆ ನೀವು ನೋಡ್ಕೊಳ್ಳಿ.”

ತಡೆಯಲು ಯಾರಿಗೂ ಧೈರ್ಯವಾಗಲಿಲ್ಲ. ಐವರೂ ಎರಡೂ ಬದಿಗೆ ಬಾಗಿ ಕೀಳತೊಡಗಿದೆವು. ಸ್ವಲ್ಪ ಹೊತ್ತಿಗೆ ಟೀಚರಿಗೆ ತಮ್ಮ ಹಳೆಯ ದನಿ ವಾಪಸು ಬಂತು.

“ಎಲೆ ಹರೀಬೇಡಿ ತಿರುಮೇನಿ, ತುಂಡು ಮಾಡಿದ್ರೆ ಹೆಚ್ಚಾಗುತ್ತೆ. ಬುಡಕ್ಕೆ ಕೈ ಹಾಕಿ, ಬೇರು ಸಮೇತ.”

“ಹೀಗಾ ಟೀಚರ್?”

“ಹಾಂ. ಹಾಗೆ.”

ಕಿತ್ತ ಪೋಳ ದೋಣಿಯಲ್ಲಿ ಮೊಣಕಾಲಿನವರೆಗೆ ತುಂಬಿತು. ದೋಣಿ ಒಂದು ಗೇಣು ಇಳಿಯಿತು. ಇನ್ನೇನು ಮುಳುಗುತ್ತೇವೆ ಎನ್ನುವಾಗ ಕುರುವಿಳ ಅಚ್ಚಾಯ ದಡದಿಂದ ತೆಂಗಿನ ನಾರಿನ ಹಗ್ಗ ಬೀಸಿದರು. ಮೊದಲ ಸಲ ಭಾಸುರನ ಕುತ್ತಿಗೆಗೆ ಬಿತ್ತು. ಎರಡನೆಯ ಸಲ ದೋಣಿಯ ಮೂತಿಗೆ ಸಿಕ್ಕಿತು. ಬ್ಯಾಂಡಿನವರೂ ಸೇರಿ ಇಡೀ ಊರೇ ಎಳೆಯಿತು. ಹನ್ನೆರಡೂವರೆಗೆ ದಡ ಮುಟ್ಟಿದೆವು. ಸ್ವಾಗತದ ಹಾರ ಹಿಡಿದು ನಿಂತಿದ್ದ ಹೆಂಗಸು ತಿರುಮೇನಿಯ ಕೊರಳು, ಹೆಗಲು, ಗಡ್ಡದಲ್ಲೆಲ್ಲ ಇಳಿಬಿದ್ದಿದ್ದ ಕಪ್ಪು ಬೇರುಗಳನ್ನು ಕಂಡು, ಹಾರವನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಅಚ್ಚನ್ ಕೊರಳಿಗೆ ಹಾಕಿಬಿಟ್ಟಳು.

ಗಂಟೆಗೆ ಆಶೀರ್ವಾದವಾಯಿತು, ಆರಿದ ಅಪ್ಪ ಮತ್ತು ಕೋಳಿ ಸಾರಿನ ಊಟವಾಯಿತು. ಪ್ರವಚನ ಮೂರೇ ಮಾತು: ತಂದವರು ನಾವೇ, ಕೀಳುವವರೂ ನಾವೇ, ಪ್ರತಿ ಶನಿವಾರ ಮನೆಗೊಬ್ಬರು ಬನ್ನಿ. ಯಾರ ಹೆಸರನ್ನೂ ಎತ್ತಲಿಲ್ಲ. ಆದರೆ ದೋಣಿಯಲ್ಲಿ ಭಾಸುರನಿದ್ದನಲ್ಲ, ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ವಿಚಿತ್ರವೆಂದರೆ ಯಾರೂ ಜಗಳಕ್ಕೆ ಬರಲಿಲ್ಲ. ಬದಲಿಗೆ ಒಬ್ಬೊಬ್ಬರಾಗಿ ನನ್ನ ದೋಣಿಯಲ್ಲಿ, ಬೇರೆ ಯಾರಿಲ್ಲದ ಹೊತ್ತು ನೋಡಿ, “ಸುಗುಣಾ, ನಮ್ಮನೇಲೂ ಒಂದು ಇತ್ತು,” ಎನ್ನತೊಡಗಿದರು. ಹದಿನೇಳರವರೆಗೆ ಲೆಕ್ಕ ಇಟ್ಟಿದ್ದೆ. ಅದರಲ್ಲಿ ಸೇಂದಿ ಅಂಗಡಿಯವನೂ ಒಬ್ಬ. ಕುರುವಿಳ ಅಚ್ಚಾಯ ಮಾತ್ರ ಮೂರು ದಿನ ಹೆಂಡತಿಯೊಡನೆ ಮಾತು ಬಿಟ್ಟಿದ್ದರು. ನಾಲ್ಕನೆಯ ದಿನ ಹಸಿವಾಯಿತು.

ಆ ಶನಿವಾರದಿಂದ ಕೀಳುವುದು ಶುರುವಾಯಿತು. ಬೇರು ಸಮೇತ ಕಿತ್ತು, ದಡದ ಮೇಲೆ ರಾಶಿ ಹಾಕಿ ಒಣಗಿಸಿದೆವು. ಅಷ್ಟರಿಂದಲೇ ಗೆದ್ದೆವು ಎಂದರೆ ಸುಳ್ಳಾದೀತು. ನಮ್ಮ ಅಜ್ಜಂದಿರ ಕಾಲದಲ್ಲಿ ಬೇಸಿಗೆಯಲ್ಲಿ ಸಮುದ್ರದ ಉಪ್ಪುನೀರು ಇಲ್ಲಿಯವರೆಗೆ ಏರಿ ಬರುತ್ತಿತ್ತು. ಭತ್ತಕ್ಕೆ ಕೆಡುಕೆಂದು ಕಟ್ಟೆ ಕಟ್ಟಿ ತಡೆದ ಮೇಲೆ ಪೋಳಕ್ಕೆ ವರ್ಷವಿಡೀ ಸಿಹಿನೀರು, ವರ್ಷವಿಡೀ ಹಬ್ಬ. ಸುತ್ತಲಿನ ಊರುಗಳವರೊಡನೆ ಸೇರಿ ಅರ್ಜಿ ಹಾಕಿದೆವು. ಕೈತಕ್ಕರಿಯವರೂ ಸಹಿ ಮಾಡಿದರು. ಮರುವರ್ಷ ಕೊಯ್ಲು ಮುಗಿದ ಕೂಡಲೇ ಕಟ್ಟೆಯ ಬಾಗಿಲುಗಳನ್ನು ತೆರೆದರು. ಉಪ್ಪು ಬಂತು. ಹತ್ತು ದಿನಕ್ಕೆ ಎಲೆಗಳ ಅಂಚು ಕಂದಿತು, ತಿಂಗಳಿಗೆ ಕಾಲುವೆಯೆಲ್ಲ ಕಂದು. ಆ ನಾತಕ್ಕೆ ಸೇಂದಿ ಅಂಗಡಿಯೇ ಒಂದು ವಾರ ಮುಚ್ಚಿತ್ತೆಂದರೆ ನೀವೇ ಊಹಿಸಿಕೊಳ್ಳಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೊಳೆತದ್ದನ್ನೂ ಎಳೆದು ಹಾಕಿದೆವು.

ನೀರು ತಿಳಿಯಾದ ಮೇಲೆ ಕುರುವಿಳ ಅಚ್ಚಾಯನ ಗಾಳಕ್ಕೆ ಅಂಗೈಯಗಲದ ಒಂದು ಕರಿಮೀನು ಬಿತ್ತು. ಅಚ್ಚಾಯ ಅದನ್ನು ಹಿಡಿದುಕೊಂಡು ಕೇರಿಯೆಲ್ಲ ಸುತ್ತಿದರು.

ಪೋಳ ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ. ಕೆಸರಿನಲ್ಲಿ ಬಿದ್ದ ಬೀಜ ವರ್ಷಾನುಗಟ್ಟಲೆ ಕಾದು ಕೂತಿರುತ್ತದಂತೆ. ಪ್ರತಿ ಮಳೆಗಾಲ ಅಲ್ಲಲ್ಲಿ ಬೊಗಸೆಯಷ್ಟು ಹಸಿರು ತಲೆ ಎತ್ತುತ್ತದೆ. ಟೀಚರ್ ನಿವೃತ್ತರಾದರೂ ಶನಿವಾರ ತಪ್ಪಿಸುವುದಿಲ್ಲ, ಬಾರದವರ ಮನೆಗೆ ಕೊಡೆ ಹಿಡಿದು ಹೋಗುತ್ತಾರೆ. ಈಗಿನ ತಕರಾರು ಬೇರೆ. ಒಣಗಿಸಿ ಕೊಳೆಸಿದ ರಾಶಿ ಒಳ್ಳೆಯ ಗೊಬ್ಬರವೆಂದು ಗೊತ್ತಾಗಿದೆ. ಚರ್ಚಿನ ಬಾಳೆತೋಟಕ್ಕೆ ಬೇಕು ಎನ್ನುತ್ತಾರೆ ಅಚ್ಚನ್. ತನ್ನ ಸುವರ್ಣಗೆಡ್ಡೆಗೆ ಬೇಕು ಎನ್ನುತ್ತಾಳೆ ತಂಕಮಣಿ. ಹೋದ ವಾರ ಇಬ್ಬರೂ ಒಂದೇ ಬುಟ್ಟಿಯ ಎರಡು ಹಿಡಿ ಹಿಡಿದು ಎಳೆದಾಡುತ್ತಿದ್ದರು. ನಾನು ದೋಣಿ ಬಿಚ್ಚಿಕೊಂಡು ಆ ದಡಕ್ಕೆ ಹೋಗಿಬಿಟ್ಟೆ.